ಕೊನೆಯ ಬೆಳಕಿಗೆ ಎಂಟು ಸೆಕೆಂಡು

"ಕೈ ತೆಗೀರಿ! ನನ್ನ ಕನ್ಸೋಲ್ ಮೇಲಿಂದ ಮೊದಲು ಕೈ ತೆಗೀರಿ!"

ಅವಳು ಬೆಳಕಿನ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದ ರಭಸಕ್ಕೆ ಕುರ್ಚಿಯಲ್ಲಿದ್ದವನು ಬೆಚ್ಚಿ ಎದ್ದು ನಿಂತ. ಎತ್ತರದ ಆಳು. ಕುತ್ತಿಗೆಯಲ್ಲಿ ಹೆಡ್‌ಸೆಟ್ಟು, ಜೇಬಿನಲ್ಲಿ ಒಂದು ಸುರುಳಿ ಟೇಪು.

"ಕ್ಷಮಿಸಿ... ದೀಪ ಎಲ್ಲಾ ಹತ್ತುತ್ತಾ ಅಂತ ನೋಡ್ತಿದ್ದೆ. ನಾನು ಹೊಸ ಸ್ಟೇಜ್ ಮ್ಯಾನೇಜರ್."

"ಹಾಗಾದ್ರೆ ಸ್ಟೇಜ್ ನೋಡ್ಕೊಳ್ಳಿ. ಇದನ್ನ ನೋಡ್ಕೊಳ್ಳೋಕೆ ನಾನಿದ್ದೀನಿ."

"ಖಂಡಿತ," ಅಂತ ಅವನು ನಕ್ಕ. "ಹಳೇ ಕಂಪನಿಯಲ್ಲಿ ನಾನೂ ಬೆಳಕೇ ಮಾಡ್ತಿದ್ದೆ. ಕೈ ಸುಮ್ನಿರಲಿಲ್ಲ."

ನಗು ಚೆನ್ನಾಗಿತ್ತು. ಅದೇ ಅವಳ ಮೊದಲ ಅನುಮಾನಕ್ಕೆ ಕಾರಣವಾಯಿತು ನೋಡಿ! 'ಬೆಳಕು ಮಾಡ್ತಿದ್ದವನಂತೆ... ಇವನ ಕಣ್ಣು ನನ್ನ ಕುರ್ಚಿ ಮೇಲಿದೆ!'

ನಾಟಕ ಕಂಪನಿಯಲ್ಲಿ ಅವಳನ್ನು ಎಲ್ಲರೂ ಮಿಣುಕಿ ಅಂತಲೇ ಕರೆಯುವುದು. ಹೆಸರಿಟ್ಟವಳು ಅತ್ತೆ, ಅಂದರೆ ಅವಳ ಅಪ್ಪನ ತಂಗಿ. ತಾಯಿಯಿಲ್ಲದ ಕೂಸನ್ನು ಸಾಕಿದವಳೂ ಅವಳೇ, ಕಂಪನಿಯ ಹಿರಿಯ ನಟಿಯೂ ಅವಳೇ. ಅತ್ತೆ ಬಣ್ಣ ಹಚ್ಚಿ ರಂಗದ ಮೇಲಿರುತ್ತಿದ್ದಾಗ ಈ ಕೂಸು ದೀಪಗಳ ನಡುವೆ ಆಡುತ್ತಾ ಬೆಳೆಯಿತು. ಬೆಳೆದ ಮೇಲೆ ದೀಪಗಳೇ ಅವಳ ಕೆಲಸವಾದವು.

ಕೆಲಸ ಇಷ್ಟು. ನಾಟಕದಲ್ಲಿ ಬೆಳಕು ಬದಲಾಗುವ ಒಂದೊಂದು ಜಾಗಕ್ಕೂ ಕ್ಯೂ ಅಂತ ಹೆಸರು. ಯಾವ ದೀಪ ಎಷ್ಟು ಸೆಕೆಂಡಿನಲ್ಲಿ ಏರಬೇಕು, ಎಷ್ಟರಲ್ಲಿ ಇಳಿಯಬೇಕು, ಎಲ್ಲವನ್ನೂ ಮಿಣುಕಿ ಮೊದಲೇ ದೀಪಗಳನ್ನು ಆಡಿಸುವ ಯಂತ್ರವಾದ ಕನ್ಸೋಲಿನಲ್ಲಿ ತುಂಬಿಸಿಟ್ಟಿರುತ್ತಾಳೆ. ರಂಗದ ಪಕ್ಕದಲ್ಲಿ ನಿಂತ ಸ್ಟೇಜ್ ಮ್ಯಾನೇಜರ್ ಹೆಡ್‌ಸೆಟ್ಟಿನಲ್ಲಿ "ಸ್ಟ್ಯಾಂಡ್‌ಬೈ" ಅನ್ನಬೇಕು, ಅಂದರೆ ಸಿದ್ಧವಾಗಿರು ಅಂತ. ಇವಳೂ "ಸ್ಟ್ಯಾಂಡ್‌ಬೈ" ಅನ್ನಬೇಕು. ಅವನು "ಗೋ" ಅಂದ ತಕ್ಷಣ ಇವಳು ಗುಂಡಿ ಒತ್ತಬೇಕು. ಅವನು ಹೇಳದೆ ಇವಳು ಒತ್ತುವಂತಿಲ್ಲ.

ಹಾಗಾಗಿ ನಾಟಕವಿದ್ದ ಸಂಜೆಯೆಲ್ಲ ಅವನ ದನಿ ನೇರವಾಗಿ ಅವಳ ಕಿವಿಯೊಳಗೇ!

ಗಡಿಬಿಡಿಯಿಲ್ಲದ, ತಣ್ಣಗಿನ ದನಿ. ಹೊತ್ತು ಒಂದಿಷ್ಟೂ ತಪ್ಪದ ಮನುಷ್ಯ ಅಂತ ಕಂಪನಿಯವರು ಅವನಿಗೆ 'ಗಡಿಯಾರ' ಅಂತ ಹೆಸರಿಟ್ಟರು. ಕೆಲವು ದಿನಗಳಲ್ಲೇ ಮಿಣುಕಿಗೆ ಆ "ಗೋ" ಕೇಳದಿದ್ದರೆ ಊಟ ಸೇರದ ಸ್ಥಿತಿ ಬಂತು. 'ಛೀ, ಏನಾಗಿದೆ ನನಗೆ?' ಅಂತ ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಶುರುವಾಯಿತು ಕಿತಾಪತಿ.

ನಾಟಕದ ಕೊನೆಯಲ್ಲಿ ಎತ್ತರದ ಅಟ್ಟಣಿಗೆಯ ಮೇಲೆ ಅತ್ತೆ ಒಬ್ಬಳೇ ನಿಂತಿರುತ್ತಾಳೆ. ಕೊನೆಯ ಮಾತು ಹೇಳುತ್ತಾಳೆ, ಬೆಳಕು ಮೂರು ಸೆಕೆಂಡಿನಲ್ಲಿ ಆರುತ್ತದೆ. ಆ ಕತ್ತಲಲ್ಲೇ ಅವಳು ಹಿಂದಿನ ಬಾಗಿಲಿಗೆ ನಡೆದು ಮರೆಯಾಗಬೇಕು. ನಿರ್ದೇಶಕರಿಗೆ ಆ ಮೂರು ಸೆಕೆಂಡೆಂದರೆ ಪ್ರಾಣ.

ಒಂದು ಸಂಜೆ ಬೆಳಕು ಮೂರಕ್ಕೆ ಆರಲಿಲ್ಲ. ಎಳೆದೂ ಎಳೆದೂ ಎಂಟು ಸೆಕೆಂಡಿಗೆ ಆರಿತು!

"ಏನಮ್ಮಾ, ನಿದ್ದೆ ಮಾಡ್ತಿದ್ದೀಯಾ?" ನಿರ್ದೇಶಕರು ಎಲ್ಲರೆದುರೇ ಬೈದರು. ಅವಳು ಓಡಿಹೋಗಿ ಕನ್ಸೋಲಿನ ಪರದೆ ನೋಡಿದಳು. ಕೊನೆಯ ಕ್ಯೂ ಎದುರು ಮೂರರ ಬದಲು ಎಂಟು ಅಂತಿತ್ತು. ಅವಳು ಹಾಕಿದ್ದಲ್ಲ! ಅಲ್ಲವೇ ಅಲ್ಲ!

ತಿದ್ದಿದಳು. ಮುಂದಿನ ಪ್ರದರ್ಶನದಲ್ಲಿ ಮತ್ತೆ ಎಂಟು.

"ಇನ್ನೊಂದು ಸಲ ಹೀಗಾದ್ರೆ ಆ ಕುರ್ಚಿಯಲ್ಲಿ ಬೇರೆಯವರು ಕೂರ್ತಾರೆ," ಅಂದುಬಿಟ್ಟರು ನಿರ್ದೇಶಕರು. ಬೇರೆಯವರು ಅಂದರೆ ಇನ್ಯಾರು? ಬೆಳಕು ಬಲ್ಲ ಇನ್ನೊಬ್ಬ ಅಲ್ಲೇ ತಲೆ ತಗ್ಗಿಸಿ ನಿಂತಿದ್ದನಲ್ಲ!

ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಹಾಗಿತ್ತು ಅವನ ಮುಖ. ಅವತ್ತಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನು ಕಾದಳು.

ಕಂಡದ್ದೆಲ್ಲ ಅನುಮಾನವೇ. ಅಟ್ಟಣಿಗೆಯ ನೆಲದ ಮೇಲೆ, ಕತ್ತಲಲ್ಲಿ ಹೊಳೆಯುವ ಟೇಪಿನ ಚೂರುಗಳನ್ನು ಅವನು ಗುಟ್ಟಾಗಿ ಅಂಟಿಸುತ್ತಿದ್ದ. ಬಣ್ಣದ ಕೋಣೆಯ ಬಾಗಿಲಲ್ಲಿ ಅತ್ತೆಯ ಜೊತೆ ಪಿಸುಗುಟ್ಟುತ್ತಿದ್ದ. ಇವಳು ಬಂದರೆ ಇಬ್ಬರೂ ಗಪ್‌ಚುಪ್!

"ಏನತ್ತೆ, ಅವನ ಹತ್ರ ಏನು ಮಾತು?"

"ಏನಿಲ್ಲ ಕಣೇ. ಒಳ್ಳೇ ಹುಡುಗ. ಮನೆ ಕಡೆ ವಿಚಾರ ಮಾತಾಡ್ತಿದ್ವಿ."

'ಒಳ್ಳೇ ಹುಡುಗನಂತೆ! ನನ್ನ ಅತ್ತೆಯನ್ನೂ ಬುಟ್ಟಿಗೆ ಹಾಕಿಕೊಂಡ!'

ಸಾಲದ್ದಕ್ಕೆ ನಿರ್ದೇಶಕರ ಕೋಣೆಯ ಮುಂದೆ ಹಾದುಹೋಗುವಾಗ ಅವನ ದನಿ ಕೇಳಿಸಿತು. "...ಕನ್ಸೋಲ್ ಜವಾಬ್ದಾರಿ ನನ್ನ ಮೇಲೆ ಹಾಕಿ ಸಾರ್..."

ಪೂರ್ತಿ ಕೇಳುವ ತಾಳ್ಮೆ ಅವಳಿಗೆಲ್ಲಿತ್ತು? ಕಣ್ಣು ತುಂಬಿಕೊಂಡು ಅಲ್ಲಿಂದ ಹೊರಟಳು. ಕೆಲಸ ಹೋಗುತ್ತದೆ ಅನ್ನುವ ನೋವು ಒಂದು ಕಡೆ. ಕಸಿಯುತ್ತಿರುವವನು ಇವನೇ ಅನ್ನುವ ನೋವು ಅದಕ್ಕಿಂತ ದೊಡ್ಡದು. ಆ ದನಿಯನ್ನು ಅವಳು ನಂಬಿದ್ದಳು... ನಂಬುವುದಕ್ಕಿಂತ ಹೆಚ್ಚಿಗೇ ಏನೋ ಮಾಡಿದ್ದಳು.

ಮುಂದಿನ ಪ್ರದರ್ಶನದ ದಿನ ಮಧ್ಯಂತರದಲ್ಲಿ ಟೀ ಕುಡಿಯಲು ಹೋದವಳಂತೆ ನಟಿಸಿ, ಬೆಳಕಿನ ಕೋಣೆಯ ಮೂಲೆಯಲ್ಲಿ ಇಳಿಬಿಟ್ಟಿದ್ದ ಬಟ್ಟೆಯ ಹಿಂದೆ ನಿಂತಳು. ಅತ್ತೆ ಸಾಕಿದವಳಲ್ಲವೇ, ನಟನೆ ಅಷ್ಟಾದರೂ ಬರುತ್ತದೆ.

ಬಾಗಿಲು ಮೆಲ್ಲಗೆ ತೆರೆಯಿತು. ಅವನು ನೇರ ಕನ್ಸೋಲಿಗೆ ಬಂದು ಕೊನೆಯ ಕ್ಯೂ ತೆಗೆದು ಎಂಟು ಒತ್ತಿದ.

"ಸಿಕ್ಕಿಬಿದ್ರಿ!"

ಅವನ ಮುಖದ ಬಣ್ಣ ಇಳಿಯಿತು.

"ಕುರ್ಚಿ ಬೇಕಿದ್ರೆ ನೇರವಾಗಿ ಕೇಳಬಹುದಿತ್ತು! ಹೀಗೆ ಕದ್ದು ಮುಚ್ಚಿ... ನಾಚಿಕೆ ಆಗಲ್ವಾ?"

"ನಂಗೆ ನಿಮ್ಮ ಕುರ್ಚಿ ಬೇಡ."

"ಮತ್ತೇನು ಬೇಕು?"

ಅವನು ಏನೋ ಹೇಳಲು ಹೋಗಿ ತುಟಿ ಕಚ್ಚಿಕೊಂಡ. "ಇವತ್ತೊಂದು ದಿನ ಎಂಟೇ ಇರಲಿ. ದಯವಿಟ್ಟು."

"ಯಾಕೆ? ಕಾರಣ ಹೇಳಿ!"

"ಮಾತು ಕೊಟ್ಟಿದ್ದೀನಿ... ನಾನು ಹೇಳೋ ಹಾಗಿಲ್ಲ."

"ಯಾರಿಗೆ?" ಅವನು ಅಡ್ಡಡ್ಡ ತಲೆಯಾಡಿಸಿದ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ಎಂಟನ್ನು ಅಳಿಸಿ ಮೂರು ಹಾಕಿದಳು. ಇನ್ನು ಯಾರೂ ತಿದ್ದದ ಹಾಗೆ ಗುಟ್ಟಿನ ಸಂಖ್ಯೆಯಿಂದ ಬೀಗವನ್ನೂ ಹಾಕಿದಳು.

ಹೊರಡುವ ಮುಂಚೆ ಅವನು ಬಾಗಿಲಲ್ಲಿ ನಿಂತ. "ಒಂದೇ ಒಂದು ಕೇಳ್ಕೋತೀನಿ. ಕೊನೆಯ ಕ್ಯೂ ಬಂದಾಗ ಪರದೆ ನೋಡ್ಬೇಡಿ. ರಂಗ ನೋಡಿ."

'ಇದರಲ್ಲೂ ಏನೋ ಕುತಂತ್ರ!' ಅಂದುಕೊಂಡಳು ಮಿಣುಕಿ.

ನಾಟಕ ಮುಂದುವರಿಯಿತು. ಸ್ಟ್ಯಾಂಡ್‌ಬೈ, ಗೋ. ಸ್ಟ್ಯಾಂಡ್‌ಬೈ, ಗೋ. ಇಬ್ಬರ ದನಿಯೂ ಕಲ್ಲು. ಕೊನೆಗೆ ಅಟ್ಟಣಿಗೆಯ ಮೇಲೆ ಅತ್ತೆ ಒಬ್ಬಳೇ ಉಳಿದಳು.

"ಕೊನೆಯ ಕ್ಯೂ, ಸ್ಟ್ಯಾಂಡ್‌ಬೈ."

"ಸ್ಟ್ಯಾಂಡ್‌ಬೈ."

ಅತ್ತೆ ಕೊನೆಯ ಮಾತು ಹೇಳಿದಳು. ಇನ್ನೇನು 'ಗೋ'...

ಅವನು ಹೇಳಲಿಲ್ಲ!

ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಅತ್ತೆ ಬೆಳಕಲ್ಲೇ ನಿಂತಿದ್ದಾಳೆ. ಮಿಣುಕಿಯ ಬೆರಳು ಗುಂಡಿಯ ಮೇಲೆಯೇ ಇದೆ.

"ಹೇಳಿ! ಯಾಕೆ ಸುಮ್ನಿದ್ದೀರಾ?" ಅವಳು ಪಿಸುಗುಟ್ಟಿದಳು. "ನನ್ನ ಹಾಳು ಮಾಡ್ಬೇಕು ಅಂತಾನೇ ಇದ್ದೀರಾ?"

"ರಂಗ ನೋಡಿ," ಅಂದ ಅವನು. ಆ ತಣ್ಣಗಿನ ದನಿ ಮೊದಲ ಸಲ ಬಿರುಕು ಬಿಟ್ಟಿತ್ತು. "ಅವರ ಕಾಲು ನೋಡಿ, ಮಿಣುಕಿ."

ಅವಳು ತಲೆಯೆತ್ತಿದಳು.

ಇಷ್ಟು ದಿನ ಕೊನೆಯ ಕ್ಯೂನಲ್ಲಿ ಅವಳ ಕಣ್ಣು ಪರದೆಯ ಅಂಕಿಗಳ ಮೇಲೆಯೇ ಇರುತ್ತಿತ್ತು. ಇವತ್ತು ಅತ್ತೆಯ ಪಾದ ಕಂಡಿತು. ಎಡಗಾಲಿನ ಬೆರಳು ನೆಲದಲ್ಲಿ ಆ ಟೇಪಿನ ಚೂರನ್ನು ತಡಕಾಡುತ್ತಿತ್ತು. ಒಂದು ಕೈ ಹಿಂದಕ್ಕೆ ಚಾಚಿ ಅಟ್ಟಣಿಗೆಯ ಮೇಲಿದ್ದ ಕುರ್ಚಿಯ ಬೆನ್ನನ್ನು ಹುಡುಕುತ್ತಿತ್ತು. ಅಟ್ಟಣಿಗೆಯ ಅಂಚು ಎರಡೇ ಹೆಜ್ಜೆ ಆಚೆಗಿತ್ತು.

ಬೆಳಕಿರುವಾಗಲೇ ದಾರಿ ಗುರುತು ಮಾಡಿಕೊಳ್ಳುತ್ತಿದ್ದಾಳೆ... ಅತ್ತೆಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ!

ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ... ಇಷ್ಟು ದೀಪ ಹಚ್ಚಿಕೊಂಡು ಕೂತವಳಿಗೆ ತನ್ನನ್ನು ಸಾಕಿದವಳ ಕಣ್ಣೇ ಕಂಡಿರಲಿಲ್ಲ. ಮೂರು ಸೆಕೆಂಡಿನ ಬೆಳಕಲ್ಲಿ ಆ ಜೀವ ಹೇಗೆ ಬಾಗಿಲು ಮುಟ್ಟೀತು? ಆ ಎಂಟು ಯಾರಿಗಾಗಿ ಅಂತ ಈಗ ತಿಳಿಯಿತು.

ಗುಂಡಿಯಿಂದ ಬೆರಳು ತೆಗೆದಳು. ಕನ್ಸೋಲಿನ ಅಂಚಿನಲ್ಲಿ ಎಲ್ಲ ದೀಪಗಳನ್ನೂ ಒಟ್ಟಿಗೆ ಇಳಿಸುವ ಹಿಡಿಯೊಂದಿತ್ತು. ಅದನ್ನು ಹಿಡಿದುಕೊಂಡಳು.

"ಕೈಯಲ್ಲೇ ಇಳಿಸ್ತೀನಿ. ಹೇಳಿ."

ಅವನು ನಿಟ್ಟುಸಿರು ಬಿಟ್ಟದ್ದು ಕಿವಿಯಲ್ಲಿ ಕೇಳಿಸಿತು. "ಗೋ."

ಅತ್ತೆ ಒಂದು ಹೆಜ್ಜೆ ಇಟ್ಟರೆ ಬೆಳಕು ಒಂದಿಷ್ಟು ಇಳಿಯಿತು. ಅತ್ತೆ ನಿಂತರೆ ಬೆಳಕೂ ನಿಂತಿತು. ಚಿಕ್ಕಂದಿನಲ್ಲಿ ಅತ್ತೆ ಅವಳ ಬೆರಳು ಹಿಡಿದು ನಡೆಸಿದ ಹಾಗೆ ಇವಳು ಬೆಳಕು ಹಿಡಿದು ಅತ್ತೆಯನ್ನು ನಡೆಸಿದಳು. ಬಾಗಿಲಲ್ಲಿ ಅವನ ಕೈ ಚಾಚಿಕೊಂಡಿತ್ತು. ಅತ್ತೆ ಅದನ್ನು ಹಿಡಿದ ಮೇಲೆಯೇ ರಂಗ ಕತ್ತಲಾಯಿತು.

ಚಪ್ಪಾಳೆ ಮುಗಿಯುವ ಮೊದಲೇ ಮಿಣುಕಿ ಮೆಟ್ಟಿಲಿಳಿದು ಓಡಿದಳು. ನಿರ್ದೇಶಕರು ಕೆಂಡವಾಗಿ ಅಡ್ಡ ಬಂದರು.

"ಯಾರು ತಡ ಮಾಡಿದ್ದು?"

"ನಾನು!" ಅಂದಳು ಅವಳು.

"ನಾನು ಸಾರ್," ಅಂದ ಹಿಂದಿನಿಂದ ಬಂದ ಗಡಿಯಾರ. "ಅವತ್ತೇ ಹೇಳಿದ್ನಲ್ಲ, ಕನ್ಸೋಲ್ ಜವಾಬ್ದಾರಿ ನನ್ನ ಮೇಲೆ ಹಾಕಿ, ಅವರನ್ನ ಬೈಬೇಡಿ ಅಂತ. ನೀವು ನಂಬಲಿಲ್ಲ."

ಮಿಣುಕಿ ಥಟ್ಟನೆ ಅವನತ್ತ ತಿರುಗಿದಳು. ಅವತ್ತು ಬಾಗಿಲಾಚೆ ಉಳಿದಿದ್ದ ಅರ್ಧ ಮಾತು ಇದಾಗಿತ್ತು!

"ಇಬ್ಬರೂ ಅಲ್ಲ," ಗೋಡೆ ಹಿಡಿದುಕೊಂಡು ಬಂದಳು ಅತ್ತೆ. "ಬೆಳಕಿಂದ ಕತ್ತಲಿಗೆ ಹೋದ್ರೆ ನಂಗೇನೂ ಕಾಣಲ್ಲ. ಒಂದಿನ ಬೀಳೋದ್ರಲ್ಲಿದ್ದೆ, ಈ ಹುಡುಗ ಹಿಡ್ಕೊಂಡ. ಯಾರಿಗೂ ಹೇಳ್ಬೇಡ ಅಂತ ಭಾಷೆ ತಗೊಂಡೆ."

ನಿರ್ದೇಶಕರ ಕೋಪ ಜರ್ರನೆ ಇಳಿಯಿತು. ತಲೆ ಕೆರೆದುಕೊಂಡರು. "ಮೊದಲೇ ಹೇಳೋದಲ್ವಾಮ್ಮಾ... ಬಿದ್ದಿದ್ರೆ ಏನು ಗತಿ? ಕೊನೆಯ ಬೆಳಕು ಇನ್ಮೇಲೆ ಕೈಯಲ್ಲೇ ಇಳೀಲಿ. ನಾಳೆ ಮೊದಲು ಡಾಕ್ಟರ ಹತ್ರ ಹೋಗಿ ಬನ್ನಿ," ಅಂತ ಗೊಣಗುತ್ತಾ ಹೋದರು.

"ನನ್ನಿಂದ ಯಾಕೆ ಮುಚ್ಚಿಟ್ಟೆ ಅತ್ತೆ?" ಮಿಣುಕಿ ಅಳುತ್ತಾ ಕೇಳಿದಳು.

"ಹೇಳಿದ್ರೆ ರಂಗ ಬಿಡು ಅಂತಿದ್ದೆ."

"ನಾನ್ಯಾಕೆ ಹಾಗಂತೀನಿ..." ಅಂದವಳು ಅರ್ಧಕ್ಕೆ ನಿಂತಳು. "ಹೂಂ. ಅಂತಿದ್ದೆ."

ಅತ್ತೆ ನಗುತ್ತಾ ಅವಳ ಕೆನ್ನೆ ಒರೆಸಿದಳು. "ಈಗ ನೀನೇ ನಡೆಸ್ತೀಯಲ್ಲ, ಇನ್ನೇನು ಭಯ? ಹೋಗು, ಅವನ ಹತ್ರ ಮಾತಾಡು. ನನ್ನ ದೆಸೆಯಿಂದ ಪಾಪ ಎಷ್ಟು ಬೈಸ್ಕೊಂಡ!"

ರಂಗ ಖಾಲಿಯಾಗಿತ್ತು. ಅವನು ಅಟ್ಟಣಿಗೆಯ ಅಂಚಿನಲ್ಲಿ ಕೂತು ಹೆಡ್‌ಸೆಟ್ಟಿನ ತಂತಿ ಸುತ್ತುತ್ತಿದ್ದ.

"ನಿಮ್ಮನ್ನ ಕಳ್ಳ ಅಂದ್ಕೊಂಡೆ," ಅವಳು ತಲೆ ತಗ್ಗಿಸಿ ಹೇಳಿದಳು.

"ಕದ್ದಿದ್ದು ನಿಜಾನೇ. ಎರಡು ಸಲ, ಐದೈದು ಸೆಕೆಂಡು." ಅವನು ನಗಲಿಲ್ಲ. "ನಿಮ್ಮನ್ನ ಬೈಯುವಾಗ ಸುಮ್ನೆ ನಿಂತಿದ್ದು ನನ್ನ ತಪ್ಪು. ಭಾಷೆ ಮುರೀಲಾ, ನಿಮ್ಮ ಕಣ್ಣೀರು ನೋಡ್ಲಾ ಅಂತ... ನಿದ್ದೆ ಮಾಡಿಲ್ಲ ನಾನು."

"ಇನ್ನೂ ಏನೋ ಮುಚ್ಚಿಡ್ತಿದ್ದೀರಿ. ಮುಖದಲ್ಲೇ ಕಾಣ್ತಿದೆ."

ಅವನು ತಂತಿ ಕೆಳಗಿಟ್ಟ. "ಎಲ್ಲರಿಗೂ ಗೋ ಹೇಳೋದು ನನ್ನ ಕೆಲಸ. ನನ್ನದೇ ಮಾತು ಬಂದಾಗ ಮಾತ್ರ, ಯಾವಾಗ ಅಂತ ಗೊತ್ತಾಗಲ್ಲ."

ಅವಳು ಅವನ ಎದುರು ನೆಟ್ಟಗೆ ನಿಂತಳು.

"ಸ್ಟ್ಯಾಂಡ್‌ಬೈ," ಅಂದಳು.

ಅಭ್ಯಾಸಬಲ! ಅವನು ತಟ್ಟನೆ ಎದ್ದು ನಿಂತ. "ಸ್ಟ್ಯಾಂಡ್‌ಬೈ."

"ಗೋ."

"ನೀವಂದ್ರೆ ನಂಗೆ ತುಂಬಾ ಇಷ್ಟ, ಮಿಣುಕಿ. ಕೈ ತೆಗೀರಿ ಅಂತ ಕೂಗಿದ್ರಲ್ಲ... ಅವತ್ತಿನಿಂದ." ಒಂದೇ ಉಸಿರಿಗೆ ಹೇಳಿ ಮುಗಿಸಿ ನೆಲ ನೋಡಿದ. "ಉತ್ತರಕ್ಕೆ ಎಷ್ಟು ಸೆಕೆಂಡು ಕಾಯಬೇಕು?"

"ಎಂಟು."

ಅವನು ಕಣ್ಣು ಮುಚ್ಚಿ ಎಣಿಸತೊಡಗಿದ. ಒಂದು... ಎರಡು...

ಮೂರಕ್ಕೇ ಅವಳು ಅವನ ಕೈ ಹಿಡಿದುಬಿಟ್ಟಳು!

"ಇನ್ನೂ ಐದು ಬಾಕಿ ಇತ್ತಲ್ಲ?"

"ಅದು ಅತ್ತೆಗೆ," ಅಂದಳು ಮಿಣುಕಿ.