‘ಲೇಟ್’ ಅನ್ನುವ ಪದದ ಜಾಗ

ಲೈಬ್ರರಿಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಅವಳು ಯೂನಿಫಾರ್ಮಿನಲ್ಲೇ ಬಂದಿದ್ದಳು. ಸಿಟಿ ಬಸ್ಸಿನ ಡ್ರೈವರ್. ಹೊಸ ಡ್ರೈವರುಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಅದರ ಸಂದರ್ಶನ ಇಂಗ್ಲಿಷಿನಲ್ಲಿ. ಮನೆಯವರ ಬಗ್ಗೆ ಒಂದೊಂದು ವಾಕ್ಯ ಹೇಳಿ ಎಂದು ಮೇಷ್ಟ್ರು ಕೇಳಿದಾಗ ಅವಳು ಎದ್ದು ನಿಂತು, “ಮೈ ಹಸ್ಬೆಂಡ್ ಈಸ್ ಲೇಟ್” ಅಂದಳು.

“ಪರವಾಗಿಲ್ಲ, ನಿಧಾನಕ್ಕೆ ಬರಲಿ” ಎಂದ ಮೇಷ್ಟ್ರು ಅವಳ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿದರು.

ಅವಳು ಕುರ್ಚಿಯನ್ನು ನೋಡಿದಳು, ಆಮೇಲೆ ಮೇಷ್ಟ್ರನ್ನು. “ಅವರು ಬರಲ್ಲ ಸರ್. ತೀರಿಕೊಂಡು ನಾಲ್ಕು ವರ್ಷ ಆಯ್ತು.”

ನಲವತ್ತು ದಾಟಿದ ಆ ಬ್ರಹ್ಮಚಾರಿಗೆ ಪಾಠ ಹೇಳುವುದೆಂದರೆ ನೀರು ಕುಡಿದಷ್ಟು ಸುಲಭ. ಅವತ್ತು ಮಾತ್ರ ಪಾಠ ಮುಂದುವರಿಸುವ ಬದಲು ಆ ಕುರ್ಚಿಯನ್ನು ಎತ್ತಿ ಮೊದಲಿದ್ದ ಕಡೆಗೇ ಇಟ್ಟು ಬಂದರು.

ಕ್ಲಾಸು ಮುಗಿದ ಮೇಲೆ ಮೆಟ್ಟಿಲ ಬಳಿ ಕಾದು ನಿಂತು ಕ್ಷಮೆ ಕೇಳಿದರು. ಅವಳಿಗೆ ಕ್ಷಮೆ ಬೇಕಿರಲಿಲ್ಲ, ತಾನು ತಪ್ಪಿದ್ದು ಎಲ್ಲಿ ಎಂದು ಗೊತ್ತಾಗಬೇಕಿತ್ತು. ಮೇಷ್ಟ್ರು ಬಿಡಿಸಿ ಹೇಳಿದರು: ‘ಲೇಟ್’ ಅನ್ನುವುದು ‘ಹಸ್ಬೆಂಡ್’ಗಿಂತ ಮೊದಲು ಬಂದು ‘ಮೈ ಲೇಟ್ ಹಸ್ಬೆಂಡ್’ ಆದರೆ ಗತಿಸಿದ ಗಂಡ, ‘ಈಸ್’ ಆದಮೇಲೆ ಬಂದರೆ, ಬರುವುದು ತಡವಾದ ಗಂಡ.

“ಅಂದ್ರೆ ಈಸ್ ಆದ್ಮೇಲೆ ಇದ್ರೆ, ಮನುಷ್ಯ ತಡವಾದ್ರೂ ಬರ್ತಾನೆ?”

“ಹೌದು.”

“ನಾನು ಇಷ್ಟು ವರ್ಷ ಅಂದ್ಕೊಂಡಿದ್ದೂ ಹಾಗೇ ಸರ್. ಬಾಗಿಲು ಸದ್ದಾದ್ರೆ ಈಗ್ಲೂ ತಿರುಗಿ ನೋಡ್ತೀನಿ.”

ಅಷ್ಟು ಹೇಳಿ ಇಳಿದು ಹೋದಳು. ಎದುರಿನ ಸ್ಟಾಪಿನಲ್ಲಿ ಅವಳ ಡ್ಯೂಟಿ ಶುರುವಾಗುತ್ತಿತ್ತು. ಮೇಷ್ಟ್ರು ಕಿಟಕಿಯಿಂದ ನೋಡಿದರು. ಕಿರಿದಾದ ಬೀದಿ, ಎರಡೂ ಬದಿಗೆ ಕಾರುಗಳು. ಅವಳು ಆ ಉದ್ದನೆಯ ಬಸ್ಸನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ತೆಗೆದುಕೊಂಡು ಹೋದಳು. ತೋಳು ಸ್ಟೀರಿಂಗ್ ಚಕ್ರದ ಜೊತೆ ತಿರುಗುವ ಚೆಂದ, ಮೂತಿ ಚೂಪು ಮಾಡಿ ಕನ್ನಡಿ ನೋಡುವ ಚೆಂದ. ಅವತ್ತಿನಿಂದ ಮೇಷ್ಟ್ರಿಗೆ ವಾರದ ಉಳಿದ ದಿನಗಳೆಲ್ಲ ಸಪ್ಪೆ ಅನ್ನಿಸತೊಡಗಿದವು.

ಇನ್ನೊಮ್ಮೆ ‘ಲೇಟ್‌ಲಿ’ಯ ಪಾಠ ಬಂತು. ಅದಕ್ಕೂ ತಡಕ್ಕೂ ಸಂಬಂಧವಿಲ್ಲ, ‘ಇತ್ತೀಚೆಗೆ’ ಎಂದು ಅರ್ಥ ಅಂದರು. ಅವಳ ಸರದಿ ಬಂದಾಗ, “ಲೇಟ್‌ಲಿ ಐ ಲಾಫ್ ಎ ಲಾಟ್” ಅಂದಳು.

“ತಡವಾಗಿ ನಗ್ತೀರಾ?” ಎಂದು ಮೇಷ್ಟ್ರು ಕೆಣಕಿದರು.

“ಪಾಠ ಸರಿಯಾಗೇ ಕೇಳಿಸ್ಕೊಂಡಿದ್ದೀನಿ ಸರ್” ಎಂದು ರೆಪ್ಪೆ ಎತ್ತಿ ಒಂದು ಗಳಿಗೆ ನೋಡಿದಳು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

ಸಂದರ್ಶನದಲ್ಲಿ ಅವಳು ಗೆದ್ದಳು. ಬಂದು ಸುದ್ದಿ ಹೇಳಿ, ಥ್ಯಾಂಕ್ಸ್ ಹೇಳಿ ಹೋದಳು. ಇನ್ನು ಕ್ಲಾಸಿಗೆ ಬರಲು ಕಾರಣವೇ ಇರಲಿಲ್ಲ. ಹಾಳು ಸಂಕೋಚ, ಮೇಷ್ಟ್ರು ಶುಭವಾಗಲಿ ಎಂದು ಕೈಮುಗಿದು ಸುಮ್ಮನಾದರು.

ಆ ಸುಮ್ಮನಿರುವಿಕೆ ಹೆಚ್ಚು ದಿನ ನಡೆಯಲಿಲ್ಲ. ಅವಳು ಹೊಸ ಕೆಲಸಕ್ಕೆ ಸೇರುವ ಮೊದಲೇ, ಒಂದು ಮಧ್ಯಾಹ್ನ ಅವಳ ಬಸ್ಸು ಹತ್ತಿದರು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಇವರು ಇಳಿಯಲಿಲ್ಲ. ಅವಳು ಇಂಜಿನ್ ಆರಿಸಿ ಕನ್ನಡಿಯಲ್ಲಿ ನೋಡಿದಳು.

“ಎಲ್ಲಿಗೆ ಹೊರಟ್ರಿ ಸರ್?”

“ನಿಮ್ಮನ್ನ ನೋಡೋಕೆ ಬಂದೆ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಆಗಲ್ಲ ಅಂದ್ರೂ ಬೇಜಾರಿಲ್ಲ.”

“ನಿಜವಾಗ್ಲೂ ಬೇಜಾರಿಲ್ವಾ?”

“ತುಂಬಾ ಬೇಜಾರಾಗುತ್ತೆ.”

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣೂ ಒದ್ದೆಯಾಯಿತು. ಗಂಡ ಹೋದ ಮೇಲೂ ತನ್ನ ಕೈ ಬಿಡದವರು ಅತ್ತೆ, ಅವರನ್ನು ಬಿಟ್ಟು ತಾನು ಎಲ್ಲಿಗೂ ಬರುವುದಿಲ್ಲ ಅಂದಳು. ಬಿಟ್ಟು ಬನ್ನಿ ಎಂದು ಯಾರು ಹೇಳಿದರು, ತಮ್ಮ ಮನೆಯಲ್ಲಿ ಬಿಸಿಲು ಬೀಳುವ ಕೋಣೆಯೊಂದು ಖಾಲಿಯೇ ಇದೆ ಅಂದರು ಮೇಷ್ಟ್ರು.

“ಅತ್ತೆಗೆ ನಾನು ಏನೂ ಹೇಳೋದು ಬೇಕಿಲ್ಲ” ಅಂದಳು ಅವಳು. “ಬಾಯಿ ತೆಗೆದ್ರೆ ಮೇಷ್ಟ್ರು ಮೇಷ್ಟ್ರು ಅಂತೀಯಲ್ಲ, ಮನೆಗೆ ಯಾವಾಗ ಕರ್ಕೊಂಡು ಬರ್ತೀಯ ಅಂತ ಆಗ್ಲೇ ಕೇಳಿದ್ದಾರೆ.”

ಬಸ್ಸು ವಾಪಸ್ ಹೊರಡಲು ಇನ್ನೂ ಹೊತ್ತಿತ್ತು. ಅವಳು ಡ್ರೈವರ್ ಸೀಟಿನಿಂದ ಎದ್ದು ಬಂದು, ಕಿಟಕಿಯ ಕಡೆ ಸರಿಯುವಂತೆ ಅವರಿಗೆ ಕಣ್ಣಲ್ಲೇ ಹೇಳಿ, ಪಕ್ಕದಲ್ಲಿ ಕೂತಳು.