ಕಾಳಿನ ಧೂಳು

"ಮೂಗು ಸೋರೋ ಹಕ್ಕಿ ಯಾವುದಾದ್ರೂ ಇದ್ಯಾ?"

ಹಕ್ಕಿ ಅಂಗಡಿಯವನು ಕಕ್ಕಾಬಿಕ್ಕಿಯಾದ. ಹಸಿರು ಬೇಕು, ನೀಲಿ ಬೇಕು, ಮಾತಾಡುವುದು ಬೇಕು ಎಂದು ಬರುವವರನ್ನು ಕಂಡಿದ್ದ. ನೆಗಡಿ ಹಿಡಿದದ್ದನ್ನೇ ಕೇಳಿಕೊಂಡು ಬಂದವಳು ಇವಳೊಬ್ಬಳೇ.

"ಇದ್ರೂ ಅದಕ್ಕೆ ಡಿಸ್ಕೌಂಟ್ ಇಲ್ಲ ಮೇಡಂ," ಎಂದ ಗಂಭೀರವಾಗಿ.

ಅವಳಿಗೆ ನಗು ಬಂತು. ಬರಬಾರದಿತ್ತು. ಆರೋಗ್ಯ ಇಲಾಖೆಯ ಗುರುತಿನ ಚೀಟಿ ತೋರಿಸುವಾಗ ಕಿಸಕ್ಕನೆ ನಗುವುದು ಯಾವ ರೂಲ್ಸಿನಲ್ಲೂ ಇಲ್ಲ.

ಕಾಯಿಲೆಗಳ ಜಾಡು ಹಿಡಿಯುವುದೇ ಅವಳ ಕೆಲಸ. ಈ ಅಂಗಡಿಯಿಂದ ಗಿಳಿ ಕೊಂಡಿದ್ದ ಮೇಷ್ಟ್ರೊಬ್ಬರು ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದರು. ಹಕ್ಕಿಯ ಹಿಕ್ಕೆ ಒಣಗಿ, ಧೂಳಾಗಿ, ಉಸಿರಿನ ಜೊತೆ ಒಳಗೆ ಹೋಗುವ ಬ್ಯಾಕ್ಟೀರಿಯಾ ಅದು. ಇಲಾಖೆಯವರ ಬಾಯಲ್ಲಿ ಗಿಳಿಜ್ವರ. ಬಲು ಅಪರೂಪ. ಬೇಗ ಸಿಕ್ಕಿಬಿದ್ದರೆ ಮಾತ್ರೆಗೇ ಬಗ್ಗುತ್ತದೆ, ತಡವಾದರೆ ಯಾರ ಮಾತೂ ಕೇಳುವುದಿಲ್ಲ.

ಅಂಗಡಿಗೆ ಬೀಗ ಬಿತ್ತು. ಹಕ್ಕಿಗಳನ್ನೆಲ್ಲ ಇಲಾಖೆಯ ವ್ಯಾನು ಕೊಂಡೊಯ್ದಿತು. ಅಂಗಡಿಯ ಹಿಂದಿನ ಮನೆಯಲ್ಲಿ ಇದ್ದವರು ಇಬ್ಬರೇ, ಅಂಗಡಿಯವನು, ಮತ್ತು ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಇಬ್ಬರನ್ನೂ ನಿಗಾದಲ್ಲಿಟ್ಟರು. ದಿನಾ ಸಂಜೆ ಇವಳು ಫೋನ್ ಮಾಡಿ ವಿಚಾರಿಸಬೇಕು.

"ಜ್ವರ?"

"ಇಲ್ಲ."

"ಕೆಮ್ಮು?"

"ಇಲ್ಲ."

"ಎದೆನೋವು?"

"ಅದಿದೆ. ನೀವು ಫೋನ್ ಇಟ್ಟ ತಕ್ಷಣ ಶುರುವಾಗುತ್ತೆ."

"ತಮಾಷೆ ಮಾಡ್ಬೇಡಿ, ನಿಜ ಅಂತಲೇ ಬರ್ಕೊಂಡುಬಿಡ್ತೀನಿ."

"ಬರ್ಕೊಳ್ಳಿ. ಔಷಧಿ ಏನು ಅಂತಾನೂ ನೀವೇ ಬರೀರಿ."

ಹಿಂದಿನಿಂದ ಅಕ್ಕನ ದನಿ: "ಜ್ವರದ ಮೇಡಂ! ನಿಮ್ಮ ಫೋನ್ ಬರೋ ಹೊತ್ತಿಗೆ ಇವನು ತಲೆ ಬಾಚ್ಕೊಂಡು ರೆಡಿಯಾಗಿ ಕೂತಿರ್ತಾನೆ. ಫೋನಲ್ಲಿ ಕ್ರಾಪು ಕಾಣುತ್ತಾ, ಸ್ವಲ್ಪ ಕೇಳಿ!"

ಇವಳು ತುಟಿ ಕಚ್ಚಿಕೊಂಡು ನಗು ತಡೆದಳು. ತಾನೂ ಫೋನ್ ಮಾಡುವ ಮುಂಚೆ ಕನ್ನಡಿ ನೋಡಿಕೊಳ್ಳುವುದನ್ನು ಯಾರ ಹತ್ತಿರ ಹೇಳುವುದು?

ಒಮ್ಮೆ ಮನೆಗೇ ಹೋಗಿ ಪರೀಕ್ಷೆ ಮಾಡಬೇಕಾಯಿತು. ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಅವನು ಆ ಕಣ್ಣನ್ನೇ ನೋಡುತ್ತಾ ನಿಂತ.

"ಕಣ್ಣಲ್ಲೇ ನಗ್ತಿದೀರ. ಮುಚ್ಚಿಟ್ಟು ಪ್ರಯೋಜನ ಇಲ್ಲ. ಒಂದು ದಿನ ಕಾಫಿಗೆ ಬರ್ತೀರಾ?"

"ನಿಗಾದಲ್ಲಿರೋರ ಜೊತೆ ಸ್ನೇಹ ಬೆಳೆಸಿದ್ರೆ ನನ್ನ ಕೆಲಸ ಹೋಗುತ್ತೆ."

"ನಿಗಾ ಮುಗಿದ ಮೇಲೆ?"

"ಮುಗಿದ ಮೇಲೆ ನಾನು ಮೇಡಂ ಅಲ್ಲ." ಅವಳ ಕಿವಿ ಬಿಸಿಯಾಯಿತು. "ಆದ್ರೆ ಹುಷಾರು. ಮನೇಲಿ ಒಬ್ಬರು ಕೆಮ್ಮಿದ್ರೂ ಸಾಕು, ಇಬ್ಬರದೂ ಮತ್ತೆ ಮೊದಲಿಂದ."

ಆ ಮಾತನ್ನೂ ನಗುತ್ತಲೇ ಹೇಳಿದಳು. ಹಾಳು ನಗು! ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕನಿಗೂ ಆ ಮಾತು ಕೇಳಿಸಿತ್ತು.

ನಿಗಾ ಮುಗಿಯಲು ಕೆಲವೇ ದಿನ ಇದ್ದಾಗ, ಫೋನಿನಲ್ಲಿ ಅವನ ದನಿಯ ಹಿಂದೆ ಯಾರೋ ಕೆಮ್ಮಿದರು.

"ಯಾರದು?"

ಅಕ್ಕ ಫೋನ್ ಕಸಿದುಕೊಂಡಳು. "ನಾನೇ ಕಣಮ್ಮ. ಖಾಲಿ ಚೀಲ ಕೊಡವ್ತಿದ್ದೆ, ಕಾಳಿನ ಧೂಳು. ಜ್ವರ ಗಿರ ಏನೂ ಇಲ್ಲ. ನೀನು ಬಾ, ಕಾಫಿ ನಾನೇ ಮಾಡ್ತೀನಿ."

ಧೂಳಿನ ಕೆಮ್ಮು ಗಂಟಲಲ್ಲೇ ಬಂದು ಹೋಗುತ್ತದೆ. ಇದು ಎದೆಯ ಆಳದಿಂದ ಬಂದಿತ್ತು. ದಿನವಿಡೀ ಕೆಮ್ಮು ಕೇಳುವುದೇ ಕೆಲಸವಾಗಿದ್ದ ಅವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಬೇರೆ ಯಾರ ಮನೆಯಾಗಿದ್ದರೂ ಆ ಕ್ಷಣವೇ ಆಂಬುಲೆನ್ಸ್ ಕಳಿಸುತ್ತಿದ್ದಳು.

"ಸರಿ ಅಕ್ಕ," ಎಂದಳು. ಅಕ್ಕ ಎಂದು ಕರೆದದ್ದು ಅದೇ ಮೊದಲು.

ನಿಗಾ ಮುಗಿಯಿತು. ಕಾಫಿಯ ದಿನ ಮಾಸ್ಕ್ ಇಲ್ಲದೆ, ಹೊಸ ಓಲೆ ಹಾಕಿಕೊಂಡು ಹೋದಳು. ಬಾಗಿಲು ತೆರೆದವನ ಮುಖ ಬಿಳಿಚಿಕೊಂಡಿತ್ತು. ಅಡುಗೆಮನೆಯ ನೆಲದ ಮೇಲೆ ಅಕ್ಕ ಗೋಡೆಗೊರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಆದರೂ ನಕ್ಕಳು.

"ಓಲೆ ಚೆನ್ನಾಗಿದೆ ಕಣೇ. ಹಾಲು ನೋಡ್ಕೋ, ಉಕ್ಕುತ್ತೆ."

ಆಸ್ಪತ್ರೆಯಲ್ಲಿ ಅಕ್ಕ ಮತ್ತೆ ಮಾತಾಡಲಿಲ್ಲ. ಮಾತ್ರೆಗೆ ಬಗ್ಗುವ ಹೊತ್ತು ಮೀರಿಹೋಗಿತ್ತು.

ಸಾವಾದರೆ ಹತ್ತಿರದವರನ್ನು ಪ್ರಶ್ನೆ ಕೇಳಬೇಕು, ಜಾಡು ಹಿಡಿದವರೇ ಕೇಳಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತರು.

"ತೀರಿಹೋದವರು ನಿಮಗೇನಾಗ್ಬೇಕು?"

"ಅಕ್ಕ. ಅಮ್ಮನೂ ಅವಳೇ."

"ಕೆಮ್ಮು ಯಾವಾಗ ಶುರುವಾಯ್ತು?"

ಅವನು ತಲೆಯೆತ್ತಿದ. "ನಿಮಗೇ ಗೊತ್ತಲ್ಲ ಮೇಡಂ. ನೀವೂ ಕೇಳಿಸ್ಕೊಂಡ್ರಿ."

ಅವಳು ಪೆನ್ನು ಕೆಳಗಿಟ್ಟಳು.

"ನಾನು ಅವಳ ಹಣೆ ಮುಟ್ಟಿ ನೋಡಿದ್ದೆ," ಎಂದ. "ಸುಡ್ತಿತ್ತು. 'ಬಾಯಿ ಬಿಟ್ರೆ ನನ್ನಾಣೆ, ನಿನ್ನ ಒಳ್ಳೇದಕ್ಕೆ ನಾನು ಅಡ್ಡ ಬರಲ್ಲ' ಅಂದ್ಲು. ನನಗೂ ಅದೇ ಬೇಕಾಗಿತ್ತು. ಸುಮ್ಮನಾದೆ."

"ನಾನೂ ಸುಮ್ಮನಾದೆ. ಯಾಕೆ ಅಂತ ಕೇಳು."

"ಕೇಳಲ್ಲ. ಕೇಳಿದ್ರೆ ನೀವು ಹೇಳಿಬಿಡ್ತೀರಿ. ಆಮೇಲೆ ಇಲ್ಲಿಂದ ಎದ್ದು ಹೋಗೋಕೆ ನನ್ನಿಂದ ಆಗಲ್ಲ."

ಎದ್ದು ಹೋದ.

ಅವಳು ಇಲಾಖೆಯ ಸಾಹೇಬರ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು, ಕೇಸನ್ನು ಬೇರೆಯವರಿಗೆ ಕೊಡಿ ಎಂದು ಬೇಡಿಕೊಂಡಳು. "ನಿಮ್ಮ ವಿಚಾರಣೆ ಆಮೇಲೆ," ಎಂದರು ಸಾಹೇಬರು. "ಅವನ ನಿಗಾ ಮತ್ತೆ ಮೊದಲಿಂದ ಶುರು. ಫೋನ್ ಮಾಡೋರು ಬೇರೆ ಯಾರೂ ಇಲ್ಲ. ನೀವೇ ಮಾಡಿ."

ಸಂಜೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದ. ಅವನ ಹಿಂದೆ ಮನೆಯಲ್ಲಿ ಯಾವ ದನಿಯೂ ಇರಲಿಲ್ಲ.

"ಜ್ವರ?"

"ಇಲ್ಲ."

"ಕೆಮ್ಮು?"

"ಇಲ್ಲ."

ಅವಳು ಎರಡಕ್ಕೂ 'ಇಲ್ಲ' ಎಂದು ಬರೆದುಕೊಂಡಳು. ಅವನು ಫೋನ್ ಇಡಲಿಲ್ಲ, ಕಾದ.

"ಎದೆನೋವು?"

"ಇಲ್ಲ ಮೇಡಂ," ಎಂದ.