ಪಾಠಕ್ಕೆ ಅಂಗಿ ಇಲ್ಲ!

“ಗೌತಮಿ, ನಿನ್ನ ಪಾಠಕ್ಕ ಅಂಗಿ ಇಲ್ಲಂತ! ತ್ರ್ಯಂಬಕ ಸರ್ ಬರದಾರ, ನೋಡವಾ!”

ಉಪನ್ಯಾಸಕಿ ರಂಜನಾ ನಗು ತಡೆಯಲಾರದೆ ಗೆಳತಿಯ ಮುಂದೆ ಮೊಬೈಲ್ ಹಿಡಿದಳು.

ಬೈಲಹೊಂಗಲದ ಆ ಕಾಲೇಜಿನಲ್ಲಿ ತಿಂಗಳಿಂದ ಒಂದು ಪಂದ್ಯವೇ ನಡೆದಿತ್ತು. ಎರಡೂ ಕಡೆ ಅದೇ ಅರ್ಥಶಾಸ್ತ್ರದ ಪಾಠ. ‘ಎ’ ವಿಭಾಗಕ್ಕೆ ಗೌತಮಿಯ ಸ್ಮಾರ್ಟ್ ಬೋರ್ಡು, ಮೊಬೈಲ್ ಕ್ವಿಜ್ಜು. ‘ಬಿ’ ವಿಭಾಗಕ್ಕೆ ತ್ರ್ಯಂಬಕನ ಸೀಮೆಸುಣ್ಣ, ಕರಿಹಲಗೆ, ಬಾಯಿಮಾತು. ಯಾವುದು ಮೇಲು ಎಂದು ನೋಡಲು ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು ಕಾಲೇಜಿನ ವಾಟ್ಸಾಪ್ ಗುಂಪಿಗೆ ಅಭಿಪ್ರಾಯ ಬರೆಯಬೇಕಿತ್ತು.

ಅವನು ಬರೆದದ್ದು ಒಂದೇ ಸಾಲು: ‘ಗೌತಮಿ ಮೇಡಂ ಪಾಠ ಬೇಸರ ಅಂಗಿ ಇಲ್ಲ.’

ಗೌತಮಿಯ ಕಣ್ಣು ತುಂಬಿತು. ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ಕದಲಿಸದೆ ಕೇಳಿದ್ದನಲ್ಲ... ಆ ನೋಟಕ್ಕೇ ಅಲ್ಲವೇ ನಾನು ಸೋತದ್ದು?

ನೇರ ಸ್ಟಾಫ್ ರೂಮಿಗೆ ನಡೆದಳು.

“ಸವದತ್ತಿ ಕಾಲೇಜಿನವರು ಕೆಲಸಕ್ಕ ಕರದಾರ, ಸರ್. ನಾ ಹೊಂಟೆ.”

ತ್ರ್ಯಂಬಕ ಎದ್ದೇ ನಿಂತ. “ಯಾಕ್ರಿ? ಅಷ್ಟು ಛಲೋ ಬರದ ಮ್ಯಾಲೂ?”

“ಛಲೋ?! ಬೇಸರ ಅಂತ ಬರದೀರಿ! ಮ್ಯಾಲೆ ಅಂಗಿ ಇಲ್ಲಂತ ಚ್ಯಾಷ್ಟಿ ಬ್ಯಾರೆ!”

ಅವನು ತನ್ನ ಮೊಬೈಲ್ ತೆಗೆದು ಓದಿದ. ಕಿವಿ ಕೆಂಪಾಯಿತು.

“ಅಯ್ಯ... ನನಗ ಟೈಪ್ ಮಾಡ್ಲಿಕ್ಕೆ ಬರಂಗಿಲ್ರಿ. ಫೋನಿಗೆ ಬಾಯಿಲೆ ಹೇಳಿದ್ದೆ, ಅದ ಬರಕೊಂತು. ಅದಕ್ಕ ನಮ್ಮ ಕಡೆ ಮಾತು ತಿಳದಿಲ್ಲ!”

“ಏನ ಹೇಳಿದ್ರಿ?”

“‘ಗೌತಮಿ ಮೇಡಂ ಪಾಠ ಬ್ಯಾಸರಾಗಂಗಿಲ್ಲ’ ಅಂತ!”

ಬೇಸರವೇ ಆಗುವುದಿಲ್ಲ ಎಂದಿದ್ದ! ಬ್ಯಾಸರಾ...ಗಂಗಿಲ್ಲ... ಅಂಗಿ ಇಲ್ಲ!

ಗೌತಮಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

“ನಿಮ್ಮ ಹುಡುಗರು ಟಕ್ಕಂತ ಉತ್ತರ ಕೊಡ್ತಾರ,” ಎಂದ ತ್ರ್ಯಂಬಕ. “ನನ್ನವರು ನಿಧಾನ, ಆದ್ರ ಯಾಕ ಅಂತ ಬಿಡಿಸಿ ಹೇಳ್ತಾರ. ಎರಡೂ ಬೇಕಲ್ರಿ? ಒಂದ ಕ್ಲಾಸ್ನ್ಯಾಗ ಇಬ್ಬರೂ ಕೂಡೇ ಪಾಠ ಮಾಡೋಣಂತ ಪ್ರಿನ್ಸಿಪಾಲರಿಗೆ ಕೇಳೇನಿ... ಹೋಗಬ್ಯಾಡ್ರಿ.”

“ಪಾಠಕ್ಕಷ್ಟ ಕೂಡೋದೇನ್ರಿ?”

ಕೇಳಿಬಿಟ್ಟು ತಾನೇ ತುಟಿ ಕಚ್ಚಿಕೊಂಡಳು. ಅವನ ದನಿ ಇಳಿಯಿತು.

“ಇಲ್ರಿ... ಸಂಸಾರಕ್ಕೂ. ನೀವು ಹೂಂ ಅಂದ್ರ.”

“ನಾ ಎಂದೋ ಹೂಂ ಅಂದೇನಿ... ಮನಸಿನ್ಯಾಗ. ಇನ್ನ ನಮ್ಮೂರು ಮುನವಳ್ಳಿಗೆ ಬಂದು ನಮ್ಮ ಅಪ್ಪನ ಮುಂದ ಕುಂತು ಕೇಳ್ರಿ. ಫೋನಿಗೆ ಹೇಳಿ ಕಳಸಬ್ಯಾಡ್ರಿ ಮತ್ತ!”

“ಇವತ್ತ ಬರಲೇನ್ರಿ?”

“ಐದರ ಬಸ್ಸಿಗೆ ಬರ್ರಿ.”

ಇಬ್ಬರೂ ಗಡಿಯಾರ ನೋಡಿದರು. ಐದಕ್ಕೆ ನಾಲ್ಕೇ ನಿಮಿಷ! ಚೀಲ ಹಿಡಿದು ಓಡಿದರು. ಬಸ್ಸು ಆಗಲೇ ಹೊರಟಿತ್ತು. ಕಂಡಕ್ಟರ್ ಹಿಂದೆ ತಿರುಗಿ ನೋಡಿ ಸೀಟಿ ಊದಿದ, ಬಸ್ಸು ನಿಂತಿತು.